ಬಿಸಿಯಾದೊಡನೆ ಇಳಿಯುತ್ತಿದ್ದ ಮುಳ್ಳು

ಆ ಲಾರಿ ಮಾಲಕರು ನನ್ನ ಬಗ್ಗೆ ಮೂರು ಮಾತು ಆಡಿದರು. ಮೂರನ್ನೂ ಚಿಕ್ಕೋಡಿಯಲ್ಲಿ ನನ್ನ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ನಿಂತು, ನಾಲ್ಕು ಜನರ ಮುಂದೆ ಆಡಿದರು. ನಡುವೆ ಇದ್ದದ್ದು ಒಂದು ರಸ್ತೆ. ಅದನ್ನು ದಾಟಿ ಬಂದು ನನ್ನ ಮುಖ ನೋಡಿ ಹೇಳಬಹುದಿತ್ತು, ಹೇಳಲಿಲ್ಲ.

"ಪಂಪ ಸತ್ತೈತಿ" ಎಂಬುದು ಮೊದಲನೆಯ ಮಾತು. "ಒಳಗ ಹಳೇ ಸಾಮಾನ ಹಾಕಿ ಹೊಸಾದು ಅಂದಾನ" ಎಂಬುದು ಎರಡನೆಯದು. "ಇವನ ಸೀಲ್ ಅಂದ್ರ ಬರೇ ತೋರಿಕಿದು" ಎಂಬುದು ಮೂರನೆಯದು. ನಾನು ಒಳಗೆ ಒಂದು ನೋಝಲ್ ತೊಳೆಯುತ್ತ ಕುಳಿತಿದ್ದೆ. ಮೂರು ಮಾತುಗಳೂ ಅದೇ ಅನುಕ್ರಮದಲ್ಲಿ ನನ್ನ ಕಿವಿಗೆ ಬಿದ್ದವು, ಅದೇ ಅನುಕ್ರಮದಲ್ಲಿ ನೆನಪಿನಲ್ಲಿ ಉಳಿದಿವೆ.

ಸೀಲಿನ ವಿಷಯವನ್ನು ಇಲ್ಲಿಯೇ ವಿವರಿಸಬೇಕು. ನನ್ನದು ಡೀಸೆಲ್ ಪಂಪ್ ರಿಪೇರಿಯ ಕಸುಬು. ಲಾರಿ, ಟ್ರ್ಯಾಕ್ಟರುಗಳ ಪಂಪ್ ಬಿಚ್ಚಿ, ಸವೆದ ಭಾಗ ಬದಲಿಸಿ, ಟೆಸ್ಟ್ ಬೆಂಚಿನ ಮೇಲೆ ಕೂಡಿಸಿ, ಪ್ರತಿ ಸಿಲಿಂಡರಿಗೂ ಸಮನಾಗಿ ಡೀಸೆಲ್ ಎಣ್ಣೆ ಹೋಗುವಂತೆ ಹೊಂದಿಸುವುದು ನನ್ನ ಕೆಲಸ. ಹೊಂದಿಸಿದ ಮೇಲೆ ಪಂಪಿನ ತಿರುಪುಗಳ ತೂತಿನಲ್ಲಿ ತೆಳುವಾದ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಇಟ್ಟು, ನನ್ನ ಗುರುತು ಕೊರೆದ ಇಕ್ಕಳದಿಂದ ಒತ್ತುತ್ತಿದ್ದೆ. ಅದು ಸೀಲು. ಸೀಲ್ ಕೆಡದೆ ಇರುವವರೆಗೆ ಆ ಪಂಪಿನ ಒಳಗೆ ಏನಾದರೂ ನಾನು ಹೊಣೆ. ಅದನ್ನು ಒಡೆದವನು ಆ ಹೊಣೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಂತೆ. ರಾಯಬಾಗದಿಂದ ಅಥಣಿಯವರೆಗೆ ಈ ಕಸುಬಿನ ಎಲ್ಲರಿಗೂ ತಿಳಿದಿದ್ದ ಮರ್ಯಾದೆ ಇದು. ಯಾವ ಮಿಸ್ತ್ರಿಯೂ ಇನ್ನೊಬ್ಬನ ಸೀಲನ್ನು ಅವನಿಗೆ ಒಂದು ಮಾತು ತಿಳಿಸದೆ ಒಡೆಯುತ್ತಿರಲಿಲ್ಲ.

ನನ್ನದನ್ನು ನಿಪ್ಪಾಣಿಯ ಒಬ್ಬ ಮಿಸ್ತ್ರಿ ಒಡೆದಿದ್ದ.

ಅದು ತೊಂಬತ್ತರ ದಶಕದ ಆರಂಭ. ಮಾಲಕರಿಗೆ ಕಾಗವಾಡದ ಹತ್ತಿರ ದ್ರಾಕ್ಷಿ ತೋಟವಿತ್ತು, ಒಂದು ಲಾರಿಯಿತ್ತು. ಹಂಗಾಮಿಗೆ ಮೊದಲು ಪಂಪನ್ನು ನನ್ನಲ್ಲಿ ಸಂಪೂರ್ಣ ರಿಪೇರಿ ಮಾಡಿಸಿ ಕೊಂಡೊಯ್ದಿದ್ದರು. ಮೊದಲನೆಯ ಲೋಡು ಹೊತ್ತ ಲಾರಿ ಅಂಕಲಿಯ ಸೇತುವೆ ದಾಟಿ, ಚಿಕ್ಕೋಡಿಯ ಮೇಲೆ ಹಾದು ನಿಪ್ಪಾಣಿಗೆ ಹೋಗಿ, ಅಲ್ಲಿ ಇನ್ನಷ್ಟು ಮಾಲು ಹೇರಿಕೊಂಡು ಬೆಳಗಾವಿಯ ದಿಕ್ಕಿಗೆ ತವಂದಿ ಘಾಟ್ ಏರತೊಡಗಿತು. ಅರ್ಧ ಏರಿನಲ್ಲಿ ಎಂಜಿನ್ನಿನ ಶಕ್ತಿ ಉಡುಗಿತು. ಡ್ರೈವರ್ ಗೇರ್ ಇಳಿಸಿದ, ಮತ್ತೆ ಇಳಿಸಿದ, ಗಾಡಿ ನಿಂತುಬಿಟ್ಟಿತು. ತಣ್ಣಗಾಗಲು ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ನಿಪ್ಪಾಣಿಯ ಮಿಸ್ತ್ರಿ ಬಂದವನೇ ನನ್ನ ಸೀಲ್ ಒಡೆದು, ಎಣ್ಣೆ ಹೆಚ್ಚಿಸುವ ತಿರುಪನ್ನು ತಿರುಗಿಸಿದ. ಕಪ್ಪು ಹೊಗೆ ಬಂತು, ಶಕ್ತಿ ಬರಲಿಲ್ಲ. ಮಾಲನ್ನು ಬೇರೆ ಲಾರಿಗೆ ವರ್ಗಾಯಿಸುವಷ್ಟರಲ್ಲಿ ಕೆಳಗಿನ ಪೆಟ್ಟಿಗೆಗಳಿಂದ ರಸ ಸೋರುತ್ತಿತ್ತಂತೆ. ದ್ರಾಕ್ಷಿ ಕಾಯುವ ಹಣ್ಣಲ್ಲ. ಮಾಲಕರ ಸಿಟ್ಟಿಗೆ ಕಾರಣವಿತ್ತು ಎಂಬುದನ್ನು ನಾನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಆ ಸಿಟ್ಟು ನನ್ನ ಬಾಗಿಲಿಗೆ ಬರಲು ಮಾತ್ರ ಕಾರಣವಿರಲಿಲ್ಲ.

ಕೈ ಒರೆಸಿಕೊಂಡು ರಸ್ತೆ ದಾಟಿದೆ.

"ಸಾವಕಾರ್ರ, ಪಂಪ ಬಿಚ್ಚಿ ನಿಮ್ಮ ಮುಂದನ ಬೆಂಚಿಗೆ ಹಾಕ್ತೀನ್ರಿ. ತಪ್ಪು ನಂದಿದ್ರ ನಾನ ಒಪ್ಕೋತೀನಿ."

"ಬೆಂಚ್ ನಿಂದು, ಪಂಪ ನಿಂದು. ಅದು ನಿನ್ನ ಪರವಾಗೇ ಸಾಕ್ಷಿ ಹೇಳತೈತಿ," ಎಂದರು. ಕುಳಿತವರು ನಕ್ಕರು.

ಅಲ್ಲಿಯವರೆಗೆ ಆ ಮನುಷ್ಯ ನನ್ನನ್ನು ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದರು. ಅಂದು ಏಕವಚನಕ್ಕೆ ಇಳಿದರು. ನಕ್ಕವರಲ್ಲಿ ಇಬ್ಬರ ಟ್ರ್ಯಾಕ್ಟರುಗಳಿಗೆ ನನ್ನದೇ ಸೀಲಿನ ಪಂಪುಗಳಿದ್ದವು.

"ಹಂಗಾದ್ರ ಗಾಡಿ ಇಲ್ಲೇ ಬಿಡ್ರಿ," ಎಂದೆ. "ಯಾಕ ಬಿಸಿಯಾದ ಮ್ಯಾಲ ನಿಲ್ಲತೈತಿ ಅನ್ನೋದು ಸಿಗೂತನಕಾ ನಾನು ಬ್ಯಾರೆ ಕೆಲಸ ಹಿಡ್ಯಾಂಗಿಲ್ಲ."

ಆ ಮಾತನ್ನು ಸಿಟ್ಟಿನಲ್ಲಿ ಆಡಿದೆ, ಮತ್ತು ಪಾಲಿಸಬೇಕಾಯಿತು. ಕಬ್ಬಿನ ಹಂಗಾಮೂ ನಡೆದಿದ್ದ ಕಾಲ. ಉಗಾರ ಬುದ್ರುಕದಿಂದ ಬಂದ ಟ್ರ್ಯಾಕ್ಟರುಗಳ ಪಂಪುಗಳು ಗೋಡೆಯ ಬದಿ ಸಾಲಾಗಿ ಕುಳಿತವು. ಅವುಗಳ ಧಣಿಗಳು ಬಂದು, ಇಣುಕಿ, ಗೊಣಗಿ ಹೋದರು.

ಮೊದಲು ಪಂಪನ್ನು ಬೆಂಚಿಗೆ ಹಾಕಿದೆ. ನಿಪ್ಪಾಣಿಯವನು ಕೆಡಿಸಿದ ತಿರುಪನ್ನು ಹಿಂದಿನ ಅಳತೆಗೆ ತಂದು ನೋಡಿದರೆ, ಎಲ್ಲ ಗಾಜಿನ ನಳಿಗೆಗಳಲ್ಲೂ ಎಣ್ಣೆ ಒಂದೇ ಮಟ್ಟಕ್ಕೆ ನಿಂತಿತು. ಆದರೆ ದೂರು ತಣ್ಣಗಿನ ಪಂಪಿನ ಮೇಲಲ್ಲ. ಎಣ್ಣೆ ಬಿಸಿಯಾದರೆ ತೆಳುವಾಗುತ್ತದೆ. ಒಳಗೆ ಎಣ್ಣೆಯನ್ನು ಒತ್ತುವ ಎಲಿಮೆಂಟುಗಳು ಸವೆದಿದ್ದರೆ ಆ ತೆಳುವಾದ ಎಣ್ಣೆ ಹಿಂದಕ್ಕೆ ಸೋರುತ್ತದೆ. ಆದ್ದರಿಂದ ಬೆಂಚಿನ ಎಣ್ಣೆಯನ್ನು ಕೈ ಇಡಲಾಗದಷ್ಟು ಕಾಯಿಸಿ ಮತ್ತೆ ಓಡಿಸಿದೆ. ಮಟ್ಟಗಳು ಸರಿಯಾಗಿಯೇ ಇದ್ದವು. ನನಗೆ ಸಮಾಧಾನವಾಯಿತು, ಆದರೆ ಈ ಸಮಾಧಾನವನ್ನು ತೋರಿಸಲು ಯಾರೂ ಎದುರಿಗೆ ಇರಲಿಲ್ಲ.

ಪಂಪನ್ನು ಲಾರಿಗೆ ಏರಿಸಿ, ಒಂದು ಪ್ರೆಶರ್ ಗೇಜ್ ಕೂಡಿಸಿದೆ. ಟ್ಯಾಂಕಿನಿಂದ ಎಣ್ಣೆಯನ್ನು ಎಳೆಯುವುದು ಫೀಡ್ ಪಂಪ್ ಎಂಬ ಚಿಕ್ಕ ಭಾಗ. ಅದು ಎಳೆದ ಎಣ್ಣೆಯನ್ನು ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ದೂಡುತ್ತದೆ. ಫಿಲ್ಟರಿಗೂ ದೊಡ್ಡ ಪಂಪಿಗೂ ನಡುವೆ ಗೇಜ್ ಇಟ್ಟು, ಉದ್ದನೆಯ ನಳಿಗೆಯಿಂದ ಅದನ್ನು ಕ್ಯಾಬಿನ್ನಿಗೆ ತಂದು ಕಣ್ಣೆದುರಿಗೆ ಕಟ್ಟಿಕೊಂಡೆ. ಚಾಲೂ ಮಾಡಿದೊಡನೆ ಮುಳ್ಳು ಒಂದೂವರೆ ಕಿಲೋ ಒತ್ತಡದಲ್ಲಿ ಸ್ಥಿರವಾಗಿ ನಿಂತಿತು. ಲಾರಿಗೆ ಮರಳಿನ ಭಾರ ಹೇರಿಸಿ, ಡ್ರೈವರನೂ ನಾನೂ ನಿಪ್ಪಾಣಿಯ ದಾರಿ ಹಿಡಿದೆವು. ಎಂಜಿನ್ ತಣಿಸುವ ನೀರಿನ ಶಾಖ ಏರುತ್ತ ಹೋದಂತೆ ಮುಳ್ಳು ನಡುಗಿತು, ಒಂದಕ್ಕೆ ಇಳಿಯಿತು, ಘಾಟಿನ ಬುಡ ಮುಟ್ಟುವಷ್ಟರಲ್ಲಿ ಅರ್ಧಕ್ಕೂ ಕೆಳಗೆ ಬಂತು. ಲಾರಿ ಕೆಮ್ಮಿ ನಿಂತಿತು.

ಅಂದರೆ ದೂರು ನಿಜ. ದೊಡ್ಡ ಪಂಪಿಗೆ ಬೇಕಾದಷ್ಟು ಎಣ್ಣೆ ಬಂದು ಮುಟ್ಟುತ್ತಲೇ ಇರಲಿಲ್ಲ. ಬಡಿಸುವವನು ಬರದಿದ್ದರೆ ಉಣ್ಣುವವನದೇನು ತಪ್ಪು?

ಗೇಜನ್ನು ತೋರಿಸಬೇಕೆಂದೇ ಹಿಂತಿರುಗುವಾಗ ನಿಪ್ಪಾಣಿಯ ಆ ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಿ ಅವನು ಹೊರಬರುವವರೆಗೆ ಕಾಯುವಷ್ಟರಲ್ಲಿ ಅದು ತಣಿದಿತ್ತು. ಚಾಲೂ ಮಾಡಿದರೆ ಮುಳ್ಳು ಒಂದೂವರೆಗೆ ಹೋಗಿ ಗಂಭೀರವಾಗಿ ಕುಳಿತಿತು.

"ಅಹೋ ಮಿಸ್ತ್ರಿ, ಗೇಜ್ ಬರೋಬ್ಬರಿ ಐತಲ್ಲ?" ಎಂದ ಅವನು, ಗುಟಕಾ ಉಗುಳಿ. "ಪಂಪನ ಲೂಸ್ ಐತ್ರಿ. ಬೆಂಚ್ ಮ್ಯಾಲ ಲಾರಿ ಓಡಸ್ತೀರೇನ ನೀವು?"

"ಸೀಲ್ ಒಡಿಯೂಕಿಂತ ಮೊದಲ ಒಂದ್ ಫೋನ್ ಮಾಡಬಾರ್ದಿತ್ತೇನ?"

"ಸೀಲ್ ಏನ್ ದೇವ್ರೇನ್ರಿ, ಕೈ ಮುಗದು ತಗ್ಯಾಕ?"

ಲಾರಿ ಹತ್ತಿ ಹೊರಟೆ.

ಮರಳಿ ಬಂದು ಒಂದೊಂದಾಗಿ ಹಿಡಿದೆ. ಫಿಲ್ಟರ್ ಹೊಸದು ಹಾಕಿದೆ, ಬದಲಾಗಲಿಲ್ಲ. ಫೀಡ್ ಪಂಪಿನ ವಾಲ್ವು, ಸ್ಪ್ರಿಂಗು, ಪಿಸ್ಟನ್ ಎಲ್ಲ ಹೊಸದು ಹಾಕಿದೆ, ಬದಲಾಗಲಿಲ್ಲ. ಹೆಚ್ಚಾದ ಎಣ್ಣೆಯನ್ನು ಟ್ಯಾಂಕಿಗೆ ಹಿಂತಿರುಗಿಸುವ ವಾಲ್ವು ಬಿಸಿಯಾದಾಗ ಸಿಕ್ಕಿಕೊಂಡು ತೆರೆದೇ ಉಳಿಯುತ್ತಿರಬಹುದೆಂದು ಅದನ್ನೂ ಬದಲಿಸಿದೆ, ಇಲ್ಲ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದೆಯೇ ಎಂದು ಮುಚ್ಚಳವನ್ನೇ ತೆಗೆದು ಓಡಿಸಿದೆ, ಇಲ್ಲ. ಎಲ್ಲಿಯೋ ಗಾಳಿ ಎಳೆಯುತ್ತಿದೆಯೇ ಎಂದು ಪಾರದರ್ಶಕ ನಳಿಗೆ ಜೋಡಿಸಿದೆ. ಒಂದು ಗುಳ್ಳೆಯೂ ಬರಲಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯನ್ನು ಬಿಚ್ಚಿ ಗಾಳಿ ಊದಿದೆ. ಮೊದಲು ಕಬ್ಬಿಣದ ಪೈಪು, ಆಮೇಲೆ ಎಂಜಿನ್ನಿನ ಬದಿಗೆ ಬರುವ ಮೆತ್ತನೆಯ ಪೈಪು. ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಒತ್ತಾಗಿ, ಅಂದವಾಗಿ ಸುತ್ತಿದ್ದರು. ಉಜ್ಜಿ ಹರಿಯದಿರಲೆಂದು ನಮ್ಮ ಕಡೆಯ ಎಲ್ಲ ಲಾರಿಗಳಲ್ಲೂ ಹಾಗೆ ಸುತ್ತುವುದುಂಟು. ಗಾಳಿ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಭರ್ರನೆ ಹೊರಬಂತು.

ಪ್ರತಿ ಬದಲಾವಣೆಯ ನಂತರ ಮರಳು ಹೊತ್ತು ಮತ್ತೆ ಅದೇ ರಸ್ತೆ. ಮತ್ತೆ ಅದೇ ಮುಳ್ಳು, ಒಂದೂವರೆಯಿಂದ ಅರ್ಧಕ್ಕೆ. ನಿಂತೊಡನೆ ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಬಿಚ್ಚಿ ನೋಡುವುದು, ಎಲ್ಲವೂ ಸರಿ. ನನ್ನ ತಾಳ್ಮೆ ಗೇಜಿನ ಮುಳ್ಳಿಗಿಂತ ಮೊದಲೇ ಇಳಿಯತೊಡಗಿತು. ಡ್ರೈವರನನ್ನು ಹಿಡಿದು ಕೇಳಿದೆ, ಒಂದು ಸಲವಲ್ಲ, ಪದೇ ಪದೇ:

"ಪಂಪ ಕೂಡಿಸಿದ ದಿವಸ ಗಾಡಿಗೆ ಬ್ಯಾರೆ ಏನರ ಹಾಕೀರೇನಪಾ?"

"ಏನೂ ಇಲ್ರಿ ಕಾಕಾ. ಪಂಪ ಒಂದ."

ಮಾಲಕರನ್ನೂ ಕೇಳಿದೆ. "ಹಾಕಿದ್ದು ನಿನ್ನ ಪಂಪ, ಕೆಟ್ಟಿದ್ದು ನಿನ್ನ ಪಂಪ. ನನಗೇನ್ ಕೇಳ್ತಿ?" ಎಂದರು.

ಒಂದು ಮಧ್ಯಾಹ್ನ ಲಾರಿಯ ಮುಂದೆ ಸ್ಟೂಲ್ ಹಾಕಿಕೊಂಡು ಏನೂ ಮಾಡದೆ ಕುಳಿತೆ. ಚಹಾದಂಗಡಿಯವನು ಅಲ್ಲಿಂದಲೇ ಕೂಗಿದ: "ಏನ್ ಮಾಮಾ, ಗಾಡಿ ತಾನಾಗೇ ಬಾಯಿ ಬಿಡತೈತಂತ ಕುಂತೀರೇನ?" ನಾನು ಅವನ ಮಾತಿಗೆ ಕಿವಿಗೊಡದೆ, ಮಾಡಿದ್ದೆಲ್ಲವನ್ನೂ ಮೊದಲಿನಿಂದ ಮನಸ್ಸಿನಲ್ಲಿ ತಿರುವಿದೆ. ಆಗ ಒಂದು ಸಂಗತಿ ಹೊಳೆಯಿತು. ನಾನು ಬಿಚ್ಚಿ ನೋಡಿದ್ದೆಲ್ಲವೂ ಎಂಜಿನ್ ಬಂದ್ ಆದ ಮೇಲೆ. ಬಂದ್ ಆದೊಡನೆ ಎಳೆತ ನಿಲ್ಲುತ್ತದೆ, ಶಾಖ ಇಳಿಯುತ್ತದೆ. ದೋಷವು ಬಿಸಿ ಮತ್ತು ಎಳೆತ ಎರಡೂ ಕೂಡಿದಾಗ ಮಾತ್ರ ಇದ್ದು, ನಾನು ಸ್ಪ್ಯಾನರ್ ಹಿಡಿಯುವಷ್ಟರಲ್ಲಿ ಮಾಯವಾಗುವಂಥದ್ದಾಗಿದ್ದರೆ? ಇನ್ನೊಂದು: ನನ್ನ ಗೇಜ್ ಇದ್ದದ್ದು ಫೀಡ್ ಪಂಪು ದೂಡುವ ಕಡೆ. ಅದು ಎಳೆಯುವ ಕಡೆಯನ್ನು ನಾನು ಕೇವಲ ಊದಿ ನೋಡಿದ್ದೆ. ಊದುವುದೂ ಎಳೆಯುವುದೂ ಒಂದಲ್ಲ.

ಅಂದೇ ನಿರ್ಧರಿಸಿದೆ: ಇನ್ನು ಎಂಜಿನ್ ಬಂದ್ ಮಾಡುವುದಿಲ್ಲ. ಓಡುತ್ತಿರುವಾಗಲೇ ದಾರಿ ಬದಲಿಸಬೇಕು.

ಕಾಕ್ ಎಂಬ ಹಿತ್ತಾಳೆಯ ಮೂರು ಬಾಯಿಯ ನಲ್ಲಿಯೊಂದನ್ನು ತಂದು ಫೀಡ್ ಪಂಪಿನ ಬಾಯಿಗೆ ಕೂಡಿಸಿದೆ. ಒಂದು ಬಾಯಿಗೆ ಟ್ಯಾಂಕಿನಿಂದ ಬರುವ ಹಳೆಯ ದಾರಿ. ಇನ್ನೊಂದಕ್ಕೆ, ಬಂಪರಿನ ಮೇಲೆ ಭದ್ರವಾಗಿ ಕಟ್ಟಿದ ಡೀಸೆಲ್ ಡಬ್ಬಿಯಿಂದ ಬರುವ ಹೊಸ ಪೈಪು. ಹಿಡಿಕೆ ತಿರುಗಿಸಿದರೆ ಎಂಜಿನ್ ನಿಲ್ಲದೆಯೇ ಒಂದು ದಾರಿ ಮುಚ್ಚಿ ಇನ್ನೊಂದು ತೆರೆಯುತ್ತದೆ. ಮಾಲಕರಿಗೆ ಹೇಳಿ ಕಳುಹಿಸಿದೆ. ಅವರು ಬಂದು, ಡಬ್ಬಿಯನ್ನು ನೋಡಿ, "ಇದೇನು ದವಾಖಾನ್ಯಾಗಿನಂಗ ಸಲಾಯಿನ್ ಹಚ್ಚೀಯೋ?" ಎಂದರು. ಚಹಾದಂಗಡಿಯಲ್ಲಿ ನಕ್ಕಿದ್ದವರು ಆ ದಿನ ಬರಲಿಲ್ಲ, ಕರೆದಿದ್ದೆ, ಬರಲಿಲ್ಲ.

ಘಾಟಿನ ಬುಡದಲ್ಲಿ ಮುಳ್ಳು ಅರ್ಧಕ್ಕಿಳಿದು ಲಾರಿ ಏದುಸಿರು ಬಿಡತೊಡಗಿತು. ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ವೇಗ ಏರಿಸಿ ಹಿಡಿಯಲು ಡ್ರೈವರನಿಗೆ ಹೇಳಿ ಕೆಳಗಿಳಿದೆ. ಹಿಡಿಕೆ ತಿರುಗಿಸಿದೆ.

"ಸಾವಕಾರ್ರ, ಮುಳ್ಳ ನೋಡ್ರಿ."

"ಏರಾಕತ್ತೈತಿ," ಎಂದರು ಕ್ಯಾಬಿನ್ನಿನಿಂದ. ಎಂಜಿನ್ನಿನ ಸದ್ದೇ ಬದಲಾಗಿತ್ತು. "ಒಂದೂವರೆ ಆತು."

ಹಿಂದಕ್ಕೆ ತಿರುಗಿಸಿದೆ.

"ಇಳ್ಯಾಕತ್ತೈತಿ ಮತ್ತ!"

ಮತ್ತೆ ಮತ್ತೆ ತಿರುಗಿಸಿದೆ, ಅವರು ಸಾಕು ಎನ್ನುವವರೆಗೆ. ಅನ್ನುವವರೆಗೆ ನಾನು ಬಿಡಲಿಲ್ಲ. ಪಂಪು ಅದೇ, ಎಂಜಿನ್ ಅದೇ, ಬಿಸಿ ಅದೇ. ಡಬ್ಬಿಯಿಂದ ಕೊಟ್ಟರೆ ಉಣ್ಣುತ್ತದೆ, ಟ್ಯಾಂಕಿನ ದಾರಿಯಿಂದ ಬಂದರೆ ಉಪವಾಸ. ದೋಷ ನನ್ನ ಪಂಪಿಗಿಂತ ಹಿಂದೆ ಇತ್ತು. ಇನ್ನು ಎಲ್ಲಿ ಎಂಬುದಷ್ಟೇ. ಕಾಕನ್ನು ಬಿಚ್ಚಿ, ಕಬ್ಬಿಣದ ಪೈಪು ಮುಗಿದು ಮೆತ್ತನೆಯ ಪೈಪು ಆರಂಭವಾಗುವಲ್ಲಿಗೆ ಒಯ್ದು ಕೂಡಿಸಿ, ಎಂಜಿನ್ ಮತ್ತೆ ಕಾಯುವವರೆಗೆ ಓಡಿಸಿದೆ. ಈ ಸಲ ಡಬ್ಬಿಗೆ ತಿರುಗಿಸಿದರೂ ಮುಳ್ಳು ಏಳಲಿಲ್ಲ. ಡಬ್ಬಿಯ ಎಣ್ಣೆಯೂ ಆ ಮೆತ್ತನೆಯ ಪೈಪಿನ ಮೂಲಕವೇ ಹೋಗಬೇಕಾಗಿತ್ತಲ್ಲ.

ಪೈಪನ್ನು ಬಿಚ್ಚಿ ತೆಗೆದೆ. ಉದ್ದ ಹೆಚ್ಚಾಗಿದ್ದರಿಂದ ಅದನ್ನು ಒಂದು ಸುತ್ತು ಹಾಕಿ ಎಂಜಿನ್ ಬ್ಲಾಕಿಗೆ ತಾಗುವಂತೆ ಕಟ್ಟಿದ್ದರು. ಹಿಡಿದರೆ ಕೈ ಸುಡುತ್ತಿತ್ತು. ಚಾಕುವಿನಿಂದ ಟ್ಯೂಬಿನ ಪಟ್ಟಿಯನ್ನು ಸೀಳಿದೆ. ಒಳಗಿನಿಂದ ಹಳದಿ ಪೈಪು ಹೊರಬಂತು. ಕಾಗವಾಡ, ಅಥಣಿಯ ಕಡೆಯವರಿಗೆ ಅದರ ಗುರುತು ಹೇಳಬೇಕಾಗಿಲ್ಲ. ದ್ರಾಕ್ಷಿ ಬಳ್ಳಿಗೆ ಔಷಧ ಸಿಂಪಡಿಸುವ ಪೈಪು.

"ಅದು ನಮ್ಮ ಪೈಪ," ಎಂದರು ಮಾಲಕರು, ಅಭಿಮಾನದಿಂದಲೇ. "ಪಂಪ ಕೂಡ್ಸು ಮುಂದ ನೋಡಿದ್ರ ಹಳೇದು ಸೀಳಿತ್ತು, ತ್ವಾಟದಾಗಿಂದ ತಂದು ನಾನ ಹಾಕ್ಸೇನಿ. ಔಷಧದ ಪಂಪಿನ ಪ್ರೆಶರ್ ಏನ್ ಕಡಿಮಿ ಇರತೈತೇನ? ಅದನ್ನ ತಡಕೊಂಡ ಪೈಪಿಗೆ ಡೀಸೆಲ್ ಯಾವ ಲೆಕ್ಕ?"

"ಔಷಧದ ಪಂಪ ಒಳಗಿಂದ ಹೊರಗ ದೂಡತೈತ್ರಿ. ಇಲ್ಲಿ ಫೀಡ್ ಪಂಪ ಎಳಿತೈತಿ," ಎಂದು, ಪೈಪನ್ನು ಉದ್ದಕ್ಕೆ ಸೀಳಿ ಅವರ ಮುಂದೆ ಹಿಡಿದೆ.

ಹೊರಗಿನ ಪದರಗಳು ಹೊಸದರಂತೆಯೇ ಇದ್ದವು. ಒಳಪದರ, ನೀರಿನ ಔಷಧಕ್ಕೆಂದೇ ಮಾಡಿದ ಆ ತೆಳು ರಬ್ಬರು, ಡೀಸೆಲ್ ಕುಡಿದು ಉಬ್ಬಿ, ನೆನೆದ ಹಪ್ಪಳದಂತೆ ಮೆತ್ತಗಾಗಿ, ಅಂಟು ಬಿಟ್ಟು ಸಡಿಲವಾಗಿತ್ತು. ತಣ್ಣಗಿದ್ದಾಗ ಅದು ಗೋಡೆಗೆ ಆನಿಕೊಂಡು ದಾರಿ ಬಿಡುತ್ತಿತ್ತು. ಊದಿದರೆ ಇನ್ನೂ ಗಟ್ಟಿಯಾಗಿ ಆನಿಕೊಳ್ಳುತ್ತಿತ್ತು. ಬಿಸಿಯಾಗಿ ಮೆತ್ತಗಾದ ಮೇಲೆ ಫೀಡ್ ಪಂಪು ಎಳೆದೊಡನೆ ಒಳಕ್ಕೆ ಕುಸಿದು, ನಾಲಿಗೆಯಂತೆ ದಾರಿಗೆ ಅಡ್ಡ ಬೀಳುತ್ತಿತ್ತು. ಹೊರಗಿನಿಂದ ನೋಡಿದವನಿಗೆ ಪೈಪು ದುಂಡಗೆ, ಬಲವಾಗಿ, ನಿರಪರಾಧಿಯಾಗಿ ಕಾಣುತ್ತಿತ್ತು.

ನಾನು ಡ್ರೈವರನ ಕಡೆ ತಿರುಗಿದೆ. "ಏನೂ ಹಾಕಿಲ್ಲ ಅಂದ್ಯಲ್ಲೋ?"

"ಅದೇನ್ ಸಾಮಾನೇನ್ರಿ ಕಾಕಾ?" ಎಂದ ಅವನು, ಕಪಟವಿಲ್ಲದೆ. "ಅಂಗಡ್ಯಾಗ ಕೊಂಡಿದ್ರ ಹೇಳ್ತಿದ್ನಿ. ಅದು ಮನ್ಯಾಗಿಂದು."

ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ನಮ್ಮ ಜನಕ್ಕೆ ಅಂಗಡಿಯಲ್ಲಿ ಕೊಂಡದ್ದು ಮಾತ್ರ ಬದಲಾವಣೆ. ತೋಟದಿಂದ ತಂದು ಜೋಡಿಸಿದ್ದು ಮೊದಲಿನಿಂದಲೂ ಅಲ್ಲಿಯೇ ಇದ್ದಂತೆ.

ಡೀಸೆಲ್ಲಿಗೆಂದೇ ಮಾಡಿದ ಪೈಪನ್ನು ತಕ್ಕ ಉದ್ದಕ್ಕೆ ಕತ್ತರಿಸಿ ಹಾಕಿದೆ. ಲಾರಿ ಮರಳಿನ ಭಾರ ಹೊತ್ತು ಘಾಟನ್ನು ಒಂದೇ ಉಸಿರಿಗೆ ಏರಿತು; ಮುಳ್ಳು ಒಂದೂವರೆಯನ್ನು ಬಿಟ್ಟು ಕದಲಲಿಲ್ಲ. ಮಾಲಕರು ಅದನ್ನೇ ನೋಡುತ್ತ ಕುಳಿತಿದ್ದರು. ಚಿಕ್ಕೋಡಿಗೆ ಬಂದು ಇಳಿದ ಮೇಲೆ ಅವರು ಆಡಿದ ಮಾತು ಇಷ್ಟು: "ಆತ್ ಬಿಡ್ರಿ, ಗಾಡಿ ಎದ್ದಿತಲ್ಲ. ಒಂದ್ ಸೀಲ್ ಹಾಕಿಬಿಡ್ರಿ." ಬಹುವಚನ ಮರಳಿ ಬಂದಿತ್ತು.

"ತೋರಿಕಿ ಸೀಲ್ ಯಾಕ ಬೇಕ್ರಿ ನಿಮಗ?" ಎಂದೆ.

ಅವರು ನನ್ನನ್ನು ನೋಡಿದರು, ರಸ್ತೆಯಾಚೆಯ ಚಹಾದಂಗಡಿಯನ್ನು ನೋಡಿದರು, ಲಾರಿ ಹತ್ತಿ ಹೋದರು. ಸೀಲ್ ಇಲ್ಲದ ಪಂಪೊಂದು ನನ್ನ ಅಂಗಡಿಯಿಂದ ಹೊರಬಿದ್ದದ್ದು ಅದೇ ಮೊದಲು.

ಆರೋಪವಾದದ್ದು ಊರಿನ ಎದುರಿಗೆ. ನಿರ್ದೋಷಿಯೆಂದು ತಿಳಿದದ್ದು ಘಾಟಿನ ಬುಡದಲ್ಲಿ, ಇಬ್ಬರಿಗೆ. ಅದನ್ನು ಸಹಿಸಲು ನನ್ನಿಂದಾಗಲಿಲ್ಲ. ಸೀಳಿದ ಹಳದಿ ಪೈಪನ್ನು, ಒಳಪದರದ ನಾಲಿಗೆ ಹೊರಗೆ ಕಾಣುವಂತೆ, ಅಂಗಡಿಯ ಬಾಗಿಲಿನ ಮೊಳೆಗೆ ನೇತುಹಾಕಿದೆ. ಏನೂ ಬರೆಯಲಿಲ್ಲ. ಕೇಳಿದವರಿಗೆ, "ದ್ರಾಕ್ಷಿ ಪೈಪ, ಲಾರಿಗೆ ಹಾಕಿದ್ರು," ಎಂದಷ್ಟೇ ಹೇಳುತ್ತಿದ್ದೆ. ನೋಡಿ ಹೋದ ಕೆಲವರು ಮರುದಿನ ಬಂದು ಮೆಲ್ಲಗೆ ಡೀಸೆಲ್ ಪೈಪು ಕೇಳಿದರು. ಅವರಲ್ಲಿ ಅಂದು ನಕ್ಕವರೊಬ್ಬರೂ ಇದ್ದರು. ತೋಟದ ಪೈಪನ್ನು ನಂಬಿದವರು ಮಾಲಕರೊಬ್ಬರೇ ಆಗಿರಲಿಲ್ಲ.

ದ್ರಾಕ್ಷಿಯ ಹಂಗಾಮು ಮುಗಿದ ಮೇಲೆ ಮಾಲಕರು ಬಂದರು. ಈ ಸಲ ನೇರವಾಗಿ ನನ್ನ ಅಂಗಡಿಗೆ.

"ಮಿಸ್ತ್ರಿಯವ್ರ, ಅದನ್ನ ಇಳಸ್ರಿ. ಮಂದಿ ನನ್ನ ಹೆಸರ ಹಿಡದು ಆಡಾಕತ್ತಾರ."

"ನಾನು ಅದರ ಮ್ಯಾಲ ಯಾರ ಹೆಸರೂ ಬರದಿಲ್ಲಲ್ರಿ."

"ಬರೀಬೇಕೇನ? ಯಾರದು ಅಂತ ಎಲ್ಲಾರಿಗೂ ಗೊತ್ತೈತಿ."

"ಸೀಲ್ ಯಾರದು ಅಂತಾನೂ ಎಲ್ಲಾರಿಗೂ ಗೊತ್ತಿತ್ತು," ಎಂದೆ.

ಅವರು ಟೊಪ್ಪಿಗೆ ಸರಿಪಡಿಸಿಕೊಂಡು, ರಸ್ತೆ ದಾಟಿ, ಚಹಾದಂಗಡಿಯ ಬೆಂಚಿನ ಮುಂದೆ ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಕೇಳ್ರಪಾ, ಪಂಪ ಬರೋಬ್ಬರಿ ಇತ್ತು. ನಮ್ಮ ತ್ವಾಟದ ಪೈಪ ಕೈ ಕೊಟ್ಟಿತು." ಎಲ್ಲರೂ ನಕ್ಕರು; ಅವರೂ ನಕ್ಕರು. ಯಾರೋ ಚಹಾ ಹೇಳಿದರು. ಕುಡಿದು, ಮೀಸೆ ಒರೆಸಿಕೊಂಡು, ಕೆಲಸ ಮುಗಿಯಿತೆಂಬ ಮುಖದಿಂದ ನನ್ನ ಬಾಗಿಲಿಗೆ ಮರಳಿದರು.

ನಾನು ಪೈಪನ್ನು ಮೊಳೆಯಿಂದ ಇಳಿಸಿದೆ. ಮೇಜಿನ ಮೇಲೆ ಚಾಚಿ, ಅಳತೆಪಟ್ಟಿ ಹಿಡಿದು, ಮೂರರಲ್ಲಿ ಒಂದು ಭಾಗಕ್ಕೆ ಗುರುತು ಹಾಕಿ ಕತ್ತರಿಸಿದೆ. ಆ ತುಂಡನ್ನು ಅವರ ಕೈಗೆ ಕೊಟ್ಟು, ಉಳಿದದ್ದನ್ನು ಮತ್ತೆ ಮೊಳೆಗೆ ಹಾಕಿದೆ.

"ಇದೇನ್ರಿ?" ಎಂದರು.

"ಮೂರು ಮಾತ್ ಆಡಿದ್ರಿ ಸಾವಕಾರ್ರ. ಒಂದು ವಾಪಸ್ ತಗೊಂಡ್ರಿ. ಹಳೇ ಸಾಮಾನಿಂದೊಂದು, ಸೀಲಿಂದೊಂದು, ಎರಡು ಇನ್ನೂ ಅಲ್ಲೇ ಅದಾವು."

ತುಂಡನ್ನು ಹಿಡಿದುಕೊಂಡೇ ಹೋದರು. ಆಮೇಲೆ ಪ್ರತಿ ಹಂಗಾಮಿಗೂ ಮೊದಲು ಅವರ ಪಂಪು ಡ್ರೈವರನ ಕೈಯಲ್ಲಿ ನನ್ನ ಬೆಂಚಿಗೇ ಬರುತ್ತಿತ್ತು, ಬೇರೆಲ್ಲಿಗೂ ಹೋಗಲಿಲ್ಲ. ಮಾಲಕರು ಬರಲಿಲ್ಲ. ನಾನು ಅದನ್ನು ಬಿಚ್ಚಿ, ಒಂದು ಹನಿಯೂ ಹೆಚ್ಚುಕಡಿಮೆಯಾಗದಂತೆ ಹೊಂದಿಸಿ, ಸೀಲ್ ಒತ್ತದೆ ಹಿಂದಕ್ಕೆ ಕಳುಹಿಸುತ್ತಿದ್ದೆ. ಲಾರಿ ಘಾಟಿನಲ್ಲಿ ಮತ್ತೆಂದೂ ನಿಲ್ಲಲಿಲ್ಲ. ಅಂಗಡಿ ಮುಚ್ಚುವ ದಿನದವರೆಗೂ ಪೈಪಿನ ಉಳಿದೆರಡು ಪಾಲು ಬಾಗಿಲಿನ ಮೊಳೆಯಲ್ಲಿಯೇ ನೇತಾಡುತ್ತಿತ್ತು.